ಪಿಎಸ್‌ಐ ಅವರೇ ದೂರುದಾರರಾದರೆ ನ್ಯಾಯಾಲಯದ ಕಡತದಲ್ಲಿ ಯಾವ ಕಾಗದ ಇರಲೇಬೇಕು?

ಪ್ರಶ್ನೆ: ಕಾಪು ಸಮೀಪ ಶಾಮಿಯಾನ ಮತ್ತು ಧ್ವನಿವರ್ಧಕ ಬಾಡಿಗೆಗೆ ಕೊಡುವ ವ್ಯವಹಾರ ನನ್ನದು. ಜಿಲ್ಲಾಧಿಕಾರಿಗಳ ನಿಷೇಧಾಜ್ಞೆ ಜಾರಿಯಲ್ಲಿದ್ದ ದಿನ ಒಂದು ಬೀದಿಬದಿಯ ಸಭೆಗೆ ನನ್ನ ಧ್ವನಿವರ್ಧಕ ಹೋಗಿತ್ತು. ಗಸ್ತಿನಲ್ಲಿದ್ದ ಪಿಎಸ್‌ಐ ಅವರೇ ದೂರು ಬರೆದರು, ಅವರ ಠಾಣೆಯಲ್ಲೇ ಎಫ್‌ಐಆರ್ ಆಯಿತು. ಎಂಟು ತಿಂಗಳ ನಂತರ ಈಗ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 223 ಮತ್ತು 292 ಎಂದಿದೆ. ಊರಿನವರು ಯಾರೂ ದೂರು ಕೊಟ್ಟಿಲ್ಲ. ಪೊಲೀಸರು ತಾವಾಗಿಯೇ ಹೀಗೆ ನ್ಯಾಯಾಲಯಕ್ಕೆ ಹೋಗಬಹುದೇ? ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸು ಎಂದು ನನ್ನ ಭಾವ ಹೇಳುತ್ತಾರೆ. ನನಗೆ ಕುವೈತ್‌ನಲ್ಲಿ ಕೆಲಸದ ಮಾತುಕತೆ ನಡೆದಿದೆ. ಆಂಪ್ಲಿಫೈಯರ್, ಮಿಕ್ಸರ್ ಇನ್ನೂ ಠಾಣೆಯಲ್ಲೇ ಇವೆ.

ಉತ್ತರ: ಮೊದಲು ಭಾವನವರ ಸಲಹೆಯನ್ನು ಪಕ್ಕಕ್ಕಿಡಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯೇ. ಮೊತ್ತ ಸಣ್ಣದು ಎಂಬ ಕಾರಣಕ್ಕೆ ದಾಖಲೆಯಿಂದ ಅದು ಅಳಿಸಿಹೋಗುವುದಿಲ್ಲ. ಕೊಲ್ಲಿ ದೇಶಗಳಿಗೆ ಹೊರಟ ನಮ್ಮ ಕರಾವಳಿಯ ಎಷ್ಟೋ ಹುಡುಗರು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗಲೇ ಹಳೆಯ ದಂಡದ ಭಾರ ಎಷ್ಟೆಂದು ತಿಳಿಯುತ್ತಾರೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿ ಸರ್ಕಾರದ ಪರ ನಿಂತವನು ನಾನು. ದೋಷಾರೋಪಣ ಪಟ್ಟಿಗಳನ್ನು ಪರಿಶೀಲಿಸುವುದೇ ನನ್ನ ಕೆಲಸವಾಗಿತ್ತು. ಆ ಅನುಭವದಿಂದಲೇ ಹೇಳುತ್ತೇನೆ: ನಿಮ್ಮ ಪ್ರಕರಣದಲ್ಲಿ ನೀವು ತಪ್ಪು ಮಾಡಿದ್ದೀರೋ ಇಲ್ಲವೋ ಎಂಬ ಪ್ರಶ್ನೆಗಿಂತ ಮುಂಚೆ ಬರುವ ಇನ್ನೊಂದು ಪ್ರಶ್ನೆ ಇದೆ. ಈ ಪ್ರಕರಣವನ್ನು ನ್ಯಾಯಾಲಯದ ಮುಂದೆ ತರುವ ಅಧಿಕಾರ ಯಾರಿಗಿತ್ತು, ಅವರು ಅದನ್ನು ಕಾನೂನು ಹೇಳಿದ ಕಾಗದದ ಮೇಲೆ ತಂದಿದ್ದಾರೆಯೇ?

ಪೊಲೀಸ್ ಅಧಿಕಾರಿ ತಾನೇ ದೂರುದಾರನಾಗಬಹುದೇ ಎಂದು ಕೇಳಿದ್ದೀರಿ. ಆಗಬಹುದು. ಕಣ್ಣೆದುರು ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ನಡೆದರೆ ಊರಿನವರು ದೂರು ಕೊಡಲಿ ಎಂದು ಅವರು ಕಾಯಬೇಕಾಗಿಲ್ಲ, ಸ್ವಯಂ ದೂರು ದಾಖಲಿಸಿಕೊಳ್ಳಬಹುದು. ದೂರು ಕೊಟ್ಟವರೇ ತನಿಖೆಯನ್ನೂ ಮಾಡಿದರೆ ಏನಾಗುತ್ತದೆ ಎಂಬ ಬಗ್ಗೆ ಬಹಳ ಗೊಂದಲವಿತ್ತು. 2018ರಲ್ಲಿ ಮೋಹನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ತನಿಖೆ ನಿಲ್ಲದು ಎಂದಿತು. 2020ರ ಆಗಸ್ಟ್ 31ರಂದು ಮುಕೇಶ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಅಭಿಪ್ರಾಯವನ್ನು ತಳ್ಳಿಹಾಕಿತು. ದೂರುದಾರ ಮತ್ತು ತನಿಖಾಧಿಕಾರಿ ಒಬ್ಬರೇ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳುವುದಿಲ್ಲ, ಪಕ್ಷಪಾತ ನಡೆದಿದ್ದರೆ ಅದನ್ನು ತೋರಿಸಬೇಕು. ಆದ್ದರಿಂದ 'ಅವರೇ ಬರೆದರು, ಅವರೇ ತನಿಖೆ ಮಾಡಿದರು' ಎಂಬ ವಾದವನ್ನೇ ನೆಚ್ಚಿಕೊಂಡು ಕೂರಬೇಡಿ.

ನಿಮಗೆ ಗಟ್ಟಿ ನೆಲೆ ಸಿಗುವುದು ಬೇರೆಡೆ. ನಿಷೇಧಾಜ್ಞೆಯಂಥ ಸರ್ಕಾರಿ ಆದೇಶವನ್ನು ಮೀರಿದ ಅಪರಾಧ ಹಿಂದೆ ಐಪಿಸಿ ಕಲಂ 188ರಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 223ರಲ್ಲಿದೆ. ಪ್ರಕ್ರಿಯೆಯ ಸಂಹಿತೆ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಥವಾ ಬಿಎನ್‌ಎಸ್‌ಎಸ್‌ನ ಕಲಂ 215, ಇದರ ಬಾಗಿಲಿಗೆ ಒಂದು ಬೀಗ ಹಾಕಿದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ ಕಲಂ 195 ಆಗಿತ್ತು. ಆದೇಶ ಹೊರಡಿಸಿದ ಸರ್ಕಾರಿ ನೌಕರರು, ಅಥವಾ ಅವರ ಆಡಳಿತಾತ್ಮಕ ಮೇಲಧಿಕಾರಿ ಲಿಖಿತವಾಗಿ ದೂರು ಕೊಡದ ಹೊರತು ಯಾವ ನ್ಯಾಯಾಲಯವೂ ಈ ಅಪರಾಧದ ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹೊಸ ಸಂಹಿತೆ ಈ ಪಟ್ಟಿಗೆ ಮೂರನೆಯವರನ್ನು ಸೇರಿಸಿದೆ: ಆದೇಶ ಹೊರಡಿಸಿದವರಿಂದ ಅದಕ್ಕೆಂದೇ ಅಧಿಕಾರ ಪಡೆದ ಬೇರೊಬ್ಬ ಸರ್ಕಾರಿ ನೌಕರರು.

ಈ ಮೂರನೆಯ ದಾರಿಯನ್ನು ಅನೇಕ ಠಾಣೆಗಳು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ, ವಕೀಲರಲ್ಲೂ ಕೆಲವರು ಹಳೆಯ ಕಲಂ 195ರ ನೆನಪಿನಲ್ಲೇ ವಾದಿಸುತ್ತಾರೆ. ನಿಮ್ಮ ವಿಷಯದಲ್ಲಿ ಆದೇಶ ಉಡುಪಿಯ ಜಿಲ್ಲಾಧಿಕಾರಿಗಳದ್ದು. ಪಿಎಸ್‌ಐ ಅವರು ಜಿಲ್ಲಾಧಿಕಾರಿಯ ಮೇಲಧಿಕಾರಿಯಂತೂ ಅಲ್ಲ. ಹಾಗಾಗಿ ಅವರ ಕೈಯಲ್ಲಿ ಜಿಲ್ಲಾಧಿಕಾರಿಗಳ ಅಧಿಕಾರ ಪತ್ರ ಇರಲೇಬೇಕು. ಶಾಂಭವಿ ಹೊಳೆ ದಾಟಿ ಮೂಲ್ಕಿಗೆ ಹೋದರೆ ಚಿತ್ರ ಬದಲಾಗುತ್ತದೆ. ಅದು 2010ರಲ್ಲಿ ರಚನೆಯಾದ ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿ. ಅಲ್ಲಿ ಇಂಥ ಆದೇಶವನ್ನು ಪೊಲೀಸ್ ಕಮಿಷನರ್ ಅವರೇ ಹೊರಡಿಸುತ್ತಾರೆ. ಆದೇಶ ಕೊಟ್ಟವರೂ ಪೊಲೀಸ್, ದೂರು ಕೊಟ್ಟವರೂ ಪೊಲೀಸ್, ಎಲ್ಲ ಒಂದೇ ಇಲಾಖೆ ತಾನೇ ಎಂದು ಅಲ್ಲಿನ ಠಾಣಾಧಿಕಾರಿಗಳಿಗೆ ಅನಿಸುವುದು ಸಹಜ. ಕಾನೂನು ಹಾಗೆ ನೋಡುವುದಿಲ್ಲ. ಪಿಎಸ್‌ಐ ಕಮಿಷನರ್ ಅವರ ಕೈಕೆಳಗಿನವರು. ಕಲಂ 215 ತಾನಾಗಿ ಅಧಿಕಾರ ಕೊಡುವುದು ಆದೇಶ ಹೊರಡಿಸಿದವರ ಮೇಲಿನವರಿಗೆ, ಕೆಳಗಿನವರಿಗಲ್ಲ. ಹಾಗಾಗಿ ಅಲ್ಲಿಯೂ ಅಧಿಕಾರ ಪತ್ರ ಬೇಕೇ ಬೇಕು.

ಇನ್ನು 'ದೂರು' ಎಂದರೆ ಯಾವುದು? ನಿಮ್ಮ ಕಡತದಲ್ಲಿ ಬಹುಶಃ ಎರಡು ಕಾಗದಗಳಿವೆ. ಒಂದು, ಪಿಎಸ್‌ಐ ಅವರು ಠಾಣೆಯಲ್ಲಿ ಬರೆದು ಎಫ್‌ಐಆರ್‌ಗೆ ಲಗತ್ತಿಸಿದ ಸ್ವಯಂ ದೂರು. ಇನ್ನೊಂದು, ತನಿಖೆಯ ನಂತರ ಸಲ್ಲಿಸಿದ ದೋಷಾರೋಪಣ ಪಟ್ಟಿ. ಕಲಂ 215 ಕೇಳುವ ದೂರು ಇವೆರಡೂ ಅಲ್ಲ. ಸಂಹಿತೆಯ ಪ್ರಕಾರ ದೂರು ಎಂಬುದು ಕ್ರಮ ಕೈಗೊಳ್ಳಿ ಎಂದು ಮ್ಯಾಜಿಸ್ಟ್ರೇಟರಿಗೇ ಮಾಡಿಕೊಂಡ ನಿವೇದನೆ. ಠಾಣಾಧಿಕಾರಿಗೆ ಬರೆದದ್ದು ಆ ಸಾಲಿಗೆ ಸೇರುವುದಿಲ್ಲ. ಪೊಲೀಸ್ ವರದಿಯನ್ನಂತೂ ಸಂಹಿತೆಯೇ ಸ್ಪಷ್ಟವಾಗಿ ಹೊರಗಿಟ್ಟಿದೆ. ಅಲ್ಲೊಂದು ವಿವರಣೆ ಇದೆ, ಸರ್ಕಾರದ ಪರ ವಾದಿಸುವವರು ಅದನ್ನು ಎತ್ತುವುದುಂಟು: ತನಿಖೆಯ ನಂತರ ಅಸಂಜ್ಞೇಯ ಅಪರಾಧ ಮಾತ್ರ ಕಂಡುಬಂದರೆ ಪೊಲೀಸ್ ವರದಿಯನ್ನೇ ದೂರೆಂದು, ವರದಿ ಕೊಟ್ಟ ಅಧಿಕಾರಿಯನ್ನೇ ದೂರುದಾರನೆಂದು ಭಾವಿಸಬೇಕು ಎಂದು. ಆದರೆ ಕಲಂ 223ರ ಅಪರಾಧ ಅನುಸೂಚಿಯಲ್ಲಿ ಸಂಜ್ಞೇಯ. ಆ ವಿವರಣೆ ಇದಕ್ಕೆ ಅನ್ವಯಿಸುವುದಿಲ್ಲ. ಪೊಲೀಸರು ಎಫ್‌ಐಆರ್ ಮಾಡಬಹುದು, ತನಿಖೆ ಮಾಡಬಹುದು, ಸ್ಥಳ ಮಹಜರು ಬರೆಯಬಹುದು. ನ್ಯಾಯಾಲಯದ ಹೊಸ್ತಿಲಲ್ಲಿ ಮಾತ್ರ ದೋಷಾರೋಪಣ ಪಟ್ಟಿಯೊಂದೇ ಸಾಲದು.

ಇದು ಹೊಸ ಮಾತೇನಲ್ಲ. 1962ರ ದೌಲತ್ ರಾಮ್ ಪ್ರಕರಣದಲ್ಲಿ ಒಬ್ಬ ಪಟವಾರಿ ತಹಶೀಲ್ದಾರರಿಗೆ ಸುಳ್ಳು ಮಾಹಿತಿ ಕೊಟ್ಟನೆಂಬ ಆರೋಪವಿತ್ತು. ತಹಶೀಲ್ದಾರರು ಕಾಗದವನ್ನು ಮೇಲಕ್ಕೆ ಕಳಿಸಿ ಸುಮ್ಮನಾದರು, ಪೊಲೀಸರು ದೋಷಾರೋಪಣ ಪಟ್ಟಿ ಹಾಕಿದರು. ಸುಳ್ಳು ಮಾಹಿತಿಯ ಅಪರಾಧಕ್ಕೂ ಇದೇ ಬೀಗವಿದೆ. ತಹಶೀಲ್ದಾರರೇ ಲಿಖಿತ ದೂರು ಕೊಡದಿದ್ದ ಕಾರಣ ಇಡೀ ವಿಚಾರಣೆಯೇ ಮೊದಲಿನಿಂದ ಅಧಿಕಾರರಹಿತ ಎಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. 2010ರಲ್ಲಿ ಸಿ. ಮುನಿಯಪ್ಪನ್ ಪ್ರಕರಣದಲ್ಲೂ ಅದೇ ಮಾತು ನಿಷೇಧಾಜ್ಞೆಯ ಸಂದರ್ಭಕ್ಕೇ ಬಂತು: ಕಲಂ 195 ಕಡ್ಡಾಯ, ದೂರು ಲಿಖಿತವೇ ಆಗಿರಬೇಕು, ಇಲ್ಲದಿದ್ದರೆ ಆ ಅಪರಾಧದ ಮಟ್ಟಿಗೆ ಎಲ್ಲವೂ ಅಸಿಂಧು.

ಇದನ್ನು ತಾಂತ್ರಿಕ ನೆಪ ಎಂದು ಹಗುರವಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೂರಿನ ದಾರಿಯಲ್ಲಿ ಬಂದ ಪ್ರಕರಣಕ್ಕೂ ದೋಷಾರೋಪಣ ಪಟ್ಟಿಯ ದಾರಿಯಲ್ಲಿ ಬಂದದ್ದಕ್ಕೂ ಆರೋಪಿಯ ಪಾಲಿಗೆ ದೊಡ್ಡ ವ್ಯತ್ಯಾಸವಿದೆ. ಬಿಎನ್‌ಎಸ್‌ಎಸ್ ಕಲಂ 223ರ ಪ್ರಕಾರ (ಸಂಖ್ಯೆ ಅದೇ, ಸಂಹಿತೆ ಬೇರೆ, ಗೊಂದಲವಾಗದಿರಲಿ) ದೂರಿನ ಮೇಲೆ ಕಾಗ್ನಿಜೆನ್ಸ್ ತೆಗೆದುಕೊಳ್ಳುವ ಮೊದಲೇ ಆರೋಪಿಗೆ ತನ್ನ ಮಾತು ಹೇಳಿಕೊಳ್ಳುವ ಅವಕಾಶ ಕೊಡಬೇಕು. ಹಳೆಯ ಸಂಹಿತೆಯಲ್ಲಿ ಈ ಹಕ್ಕು ಇರಲಿಲ್ಲ. ಜಿಲ್ಲಾಧಿಕಾರಿಗಳ ಕಡೆಯಿಂದ ಸರಿಯಾದ ದೂರು ಹೋಗಿದ್ದರೆ ಸಮನ್ಸ್‌ಗಿಂತ ಮುಂಚೆ ನಿಮಗೆ ನೋಟಿಸ್ ಬರುತ್ತಿತ್ತು. 'ನಾನು ಬಾಡಿಗೆಗೆ ಕೊಟ್ಟವನು, ಸಭೆ ನಡೆಸಿದವನಲ್ಲ, ಆಜ್ಞೆಯ ವಿಷಯ ನನಗೆ ತಿಳಿದಿರಲಿಲ್ಲ' ಎಂದು ಹೇಳಲು ಒಂದು ಬಾಗಿಲು ತೆರೆದಿರುತ್ತಿತ್ತು. ದಾರಿ ತಪ್ಪಿಸಿದಾಗ ಕಳೆದುಹೋದದ್ದು ಈ ಅವಕಾಶ.

ಹಾಗಾದರೆ ಸರಿಯಾದ ದೂರು ಹೇಗಿರುತ್ತದೆ? ಇದನ್ನು ನಿಮಗಷ್ಟೇ ಅಲ್ಲ, ಈ ಪುಟ ಓದುವ ಠಾಣಾಧಿಕಾರಿಗಳಿಗೂ ಹೇಳುತ್ತಿದ್ದೇನೆ. ಅದು ನ್ಯಾಯಾಲಯದ ಹೆಸರಿನಿಂದ ಶುರುವಾಗಬೇಕು, ಠಾಣೆಯ ಹೆಸರಿನಿಂದಲ್ಲ. ದೂರುದಾರರ ಹುದ್ದೆ, ಅವರು ಆದೇಶ ಹೊರಡಿಸಿದವರೇ ಅಥವಾ ಅಧಿಕಾರ ಪಡೆದವರೇ ಎಂಬುದು ಮೊದಲಲ್ಲೇ ಬರಬೇಕು. ಅಧಿಕಾರ ಪಡೆದವರಾದರೆ ಆ ಪತ್ರದ ಸಂಖ್ಯೆ, ದಿನಾಂಕ ಕಾಣಿಸಿ ಪ್ರತಿಯನ್ನು ಲಗತ್ತಿಸಬೇಕು. ನಿಷೇಧಾಜ್ಞೆಯ ಪ್ರತಿ ಜೊತೆಗಿರಬೇಕು. ಅದು ಯಾವ ಅವಧಿಗೆ, ಯಾವ ಪ್ರದೇಶಕ್ಕೆ, ಏನನ್ನು ನಿಷೇಧಿಸಿತ್ತು ಎಂದು ಓದಿದವರಿಗೆ ತಿಳಿಯಬೇಕು. ಜಿಲ್ಲಾಧಿಕಾರಿ ಹೊರಡಿಸುವ ಇಂಥ ಆಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಜಾರಿಯಲ್ಲಿ ಇರುವಂತಿಲ್ಲ, ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು. ಆ ದಿನ ಅದು ಜೀವಂತವಾಗಿತ್ತೇ ಎಂದು ದಿನಾಂಕ ಹಿಡಿದು ನೋಡಿ.

ಅದಕ್ಕಿಂತ ಮುಖ್ಯವಾದುದು ಆರೋಪಿಗೆ ಆಜ್ಞೆಯ ಅರಿವಿತ್ತು ಎಂಬ ವಿವರ. ಕಲಂ 223 ಅರಿವನ್ನು ಕೇಳುತ್ತದೆ. ಪತ್ರಿಕೆಯಲ್ಲಿ ಪ್ರಕಟವಾಗಿತ್ತೇ, ಧ್ವನಿವರ್ಧಕದಲ್ಲಿ ಸಾರಿದ್ದರೇ, ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಿದ್ದರೇ, ಸ್ಥಳದಲ್ಲೇ ಓದಿ ಹೇಳಿದ್ದರೇ? ನಂತರ, ಮೀರಿದ್ದರಿಂದ ಏನಾಯಿತು? ಮೀರಿದ ಮಾತ್ರಕ್ಕೆ ಅಪರಾಧ ಪೂರ್ಣವಾಗುವುದಿಲ್ಲ. ಕಾನೂನುಬದ್ಧವಾಗಿ ತಮ್ಮ ಕೆಲಸದಲ್ಲಿ ತೊಡಗಿದವರಿಗೆ ಅಡ್ಡಿ, ಕಿರುಕುಳ ಅಥವಾ ಹಾನಿ ಆಗಿರಬೇಕು, ಇಲ್ಲವೇ ಆಗುವಂತಿರಬೇಕು. ಅದಕ್ಕೆ ಆರು ತಿಂಗಳವರೆಗಿನ ಸಾದಾ ಸೆರೆವಾಸ, ಅಥವಾ 2,500 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಪ್ರಾಣ, ಆರೋಗ್ಯ, ಸುರಕ್ಷತೆಗೆ ಅಪಾಯ ಅಥವಾ ಗಲಭೆಯ ಸಂಭವ ಇದ್ದರೆ ಒಂದು ವರ್ಷ, 5,000 ರೂಪಾಯಿವರೆಗೆ ಹೋಗುತ್ತದೆ. 'ಸರ್ಕಾರಿ ಆದೇಶ ಉಲ್ಲಂಘಿಸಿರುತ್ತಾರೆ' ಎಂಬ ಒಂದು ಸಾಲು ಬರೆದು ಸಹಿ ಹಾಕಿದ ದೂರುಗಳನ್ನು ಕಂಡರೆ ಬೇಸರವಾಗುತ್ತದೆ. ಎರಡು ಪುಟ ಗಮನವಿಟ್ಟು ಬರೆದಿದ್ದರೆ ನಿಲ್ಲುತ್ತಿದ್ದ ಪ್ರಕರಣ ಅಲ್ಲೇ ಸಾಯುತ್ತದೆ. ಸಾಕ್ಷಿಗಳ ಪಟ್ಟಿ ಕೊನೆಯಲ್ಲಿರಲಿ. ಕರ್ತವ್ಯದ ಭಾಗವಾಗಿ ಲಿಖಿತ ದೂರು ಕೊಡುವ ಸರ್ಕಾರಿ ನೌಕರರ ಪ್ರಮಾಣವಚನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಪಡೆಯಲೇಬೇಕೆಂದಿಲ್ಲ, ಆದ್ದರಿಂದ ಅಧಿಕಾರಿಗಳಿಗೆ ಅಲೆದಾಟದ ಭಯವೂ ಬೇಡ.

ಇನ್ನು ನಿಮ್ಮ ಮೇಲಿನ ಎರಡನೇ ಆರೋಪ, ಕಲಂ 292, ಸಾರ್ವಜನಿಕ ಉಪದ್ರವ. ಇದಕ್ಕೆ 1,000 ರೂಪಾಯಿವರೆಗಿನ ದಂಡ ಮಾತ್ರ. ಇದು ಅಸಂಜ್ಞೇಯ. ಇದೊಂದೇ ಆಗಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೆ ಕೈಹಾಕುವಂತೆಯೇ ಇರಲಿಲ್ಲ. ಬಿಎನ್‌ಎಸ್‌ಎಸ್ ಕಲಂ 174ರ ಪ್ರಕಾರ ಎನ್‌ಸಿ (ಅಸಂಜ್ಞೇಯ ಪ್ರಕರಣಗಳ) ಪುಸ್ತಕದಲ್ಲಿ ಬರೆದುಕೊಂಡು ಮಾಹಿತಿದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕಿತ್ತು. ಆದರೆ ಒಂದು ಸಂಜ್ಞೇಯ ಅಪರಾಧ ಜೊತೆಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಭಾವಿಸಬೇಕು ಎಂದು ಅದೇ ಕಲಂ ಹೇಳುತ್ತದೆ. ನಿಮ್ಮಲ್ಲಿ 223 ಇರುವುದರಿಂದ 292ಕ್ಕೆ ಬೇರೆ ಅನುಮತಿ ಬೇಕಾಗಲಿಲ್ಲ. 223 ಬಿದ್ದುಹೋದರೆ 292 ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂಬುದು ನಿಮ್ಮ ವಕೀಲರು ಎತ್ತಲೇಬೇಕಾದ ವಾದ.

ಅನುಮತಿಯ ಬಗ್ಗೆ ಮಾತು ಬಂದದ್ದರಿಂದ ಕರ್ನಾಟಕದ ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯೂ ತಿಳಿದಿರಬೇಕಾದ ಒಂದು ತೀರ್ಪನ್ನು ಹೇಳಲೇಬೇಕು. ನಮ್ಮ ಹೈಕೋರ್ಟಿನ ಕಲಬುರಗಿ ಪೀಠ 2019ರ ಡಿಸೆಂಬರ್‌ನಲ್ಲಿ ವಗ್ಗೆಪ್ಪ ಗುರುಲಿಂಗ ಜಂಗಳಗಿ ಪ್ರಕರಣದಲ್ಲಿ ಕೊಟ್ಟದ್ದು. ಅಲ್ಲಿಯವರೆಗೆ ರೂಢಿ ಹೀಗಿತ್ತು: ಅಸಂಜ್ಞೇಯ ಅಪರಾಧದ ತನಿಖೆಗೆ ಅನುಮತಿ ಬೇಡಿ ಠಾಣೆಯಿಂದ ಮ್ಯಾಜಿಸ್ಟ್ರೇಟರಿಗೆ ಒಂದು ಕೋರಿಕೆ ಪತ್ರ ಹೋಗುತ್ತಿತ್ತು, ಅದರ ಅಂಚಿನಲ್ಲೇ 'ಅನುಮತಿಸಿದೆ' ಎಂಬ ಒಂದು ಪದ, ಕೆಳಗೆ ಸಹಿ, ಮೊಹರು, ಅಷ್ಟೇ. ಅದು ಕಾನೂನಿನ ದೃಷ್ಟಿಯಲ್ಲಿ ಆದೇಶವೇ ಅಲ್ಲ ಎಂದು ಹೈಕೋರ್ಟ್ ಹೇಳಿತು. ಕೋರಿಕೆ ಅಂಚೆಯಲ್ಲಿ ಬಂತೋ ಮುದ್ದಾಂ (ಕೈಯಾರೆ) ಬಂತೋ ಎಂದು ಬರೆಯಬೇಕು. ಬೇರೆಯೇ ಆದೇಶ ಹಾಳೆ ತೆರೆಯಬೇಕು. ಠಾಣಾಧಿಕಾರಿ ಮಾಹಿತಿದಾರರನ್ನು ತಮ್ಮ ಬಳಿಗೆ ಕಳಿಸಿದ್ದಾರೆಯೇ ಎಂದು ಮ್ಯಾಜಿಸ್ಟ್ರೇಟರು ಮೊದಲು ನೋಡಬೇಕು. ತನಿಖೆಗೆ ಯೋಗ್ಯವೋ ಅಲ್ಲವೋ ಎಂದು ಮನಸ್ಸಿಟ್ಟು ಪರಿಶೀಲಿಸಿ ಅಭಿಪ್ರಾಯ ದಾಖಲಿಸಬೇಕು. ಅನುಮತಿ ಕೊಡುವುದಾದರೆ ತನಿಖೆ ಮಾಡುವ ಅಧಿಕಾರಿಯ ದರ್ಜೆ, ಹುದ್ದೆಯನ್ನು ನಮೂದಿಸಬೇಕು, ಆ ಅಧಿಕಾರಿ ದೂರು ಕೊಟ್ಟವರಾಗಿರಬಾರದು. ತೀರ್ಪು ಬಂದದ್ದು ಹಳೆಯ ಸಂಹಿತೆಯ ಕಲಂ 155ರ ಮೇಲೆ. ಹೊಸ ಕಲಂ 174ರಲ್ಲಿ ಆ ಭಾಗದ ಮಾತು ಬದಲಾಗಿಲ್ಲ, ಹಾಗಾಗಿ ಮಾರ್ಗಸೂಚಿಯನ್ನು ಮರೆಯಲು ಕಾರಣವೂ ಇಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದೇ ಬಗೆಯ ಎಡವಟ್ಟು ಆಗಬಹುದಾದ ಇನ್ನೆರಡು ಕಡೆಗಳನ್ನು ಹೇಳಿ ಮುಂದೆ ಹೋಗುತ್ತೇನೆ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ ದಂಡೆಗಳಲ್ಲಿ ಅಕ್ರಮ ಮರಳು ತುಂಬಿದ ಟಿಪ್ಪರ್ ಹಿಡಿದಾಗ ಪೊಲೀಸರು ಕಳವಿನ ಕಲಂ ಹಾಕಿ ದೋಷಾರೋಪಣ ಪಟ್ಟಿ ಸಲ್ಲಿಸಬಹುದು. ಗಣಿ ಮತ್ತು ಖನಿಜ ಕಾಯ್ದೆಯ ಅಪರಾಧಕ್ಕೆ ಮಾತ್ರ ಅಧಿಕೃತ ಅಧಿಕಾರಿಯ ಲಿಖಿತ ದೂರೇ ಬೇಕು. 2014ರ ಸಂಜಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ಬೇರ್ಪಡಿಸಿ ಹೇಳಿದೆ. ಕೋಳಿ ಅಂಕದ ದಾಳಿಯಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ 1960 ಹಾಕುವಾಗಲೂ ಎಚ್ಚರ ಬೇಕು. ಅಂಕ ನಡೆಸುವ ಜಾಗವನ್ನು ಏರ್ಪಡಿಸಿದ ಅಪರಾಧ ಸಂಜ್ಞೇಯ, ಕೋಳಿಗಳನ್ನು ಕಾದಾಟಕ್ಕೆ ಬಿಟ್ಟ ಅಪರಾಧ ಅಸಂಜ್ಞೇಯ. ಘಟನೆ ನಡೆದ ಮೂರು ತಿಂಗಳೊಳಗೆ ಪ್ರಕರಣ ನ್ಯಾಯಾಲಯಕ್ಕೆ ಬರದಿದ್ದರೆ ಆ ಕಾಯ್ದೆಯಡಿ ಹೂಡುವಂತೆಯೇ ಇಲ್ಲ.

ಕಾಲಮಿತಿ ನಿಮಗೂ ಅನ್ವಯಿಸುತ್ತದೆ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಸೆರೆವಾಸದ ಅಪರಾಧಕ್ಕೆ ಒಂದು ವರ್ಷ. ಎರಡೂ ಒಟ್ಟಿಗೆ ಇದ್ದರೆ ಹೆಚ್ಚಿನ ಶಿಕ್ಷೆಯದ್ದೇ ಲೆಕ್ಕ. ಅವಧಿಯೊಳಗೆ ಬಂತೇ ಎಂದು ನೋಡಲು ಹಿಡಿಯಬೇಕಾದದ್ದು ನ್ಯಾಯಾಲಯಕ್ಕೆ ಸಲ್ಲಿಸಿದ ದಿನಾಂಕವನ್ನು ಎಂದು ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ, ಮ್ಯಾಜಿಸ್ಟ್ರೇಟರು ಕಾಗ್ನಿಜೆನ್ಸ್ ತೆಗೆದುಕೊಂಡ ದಿನವನ್ನಲ್ಲ. ನಿಮ್ಮ ಘಟನೆಗೆ ವರ್ಷ ತುಂಬಿಲ್ಲ. ಹಾಗಾಗಿ ಈಗಿನ ಪ್ರಕರಣ ಬಿದ್ದರೂ ಜಿಲ್ಲಾಧಿಕಾರಿಗಳ ಅಧಿಕಾರ ಪತ್ರದೊಂದಿಗೆ ಹೊಸ ದೂರು ಬರುವ ಸಾಧ್ಯತೆ ಇನ್ನೂ ಇದೆ. ದೋಷಪೂರಿತ ಪ್ರಕರಣ ಬಿದ್ದರೆ ನೀವು ನಿರ್ದೋಷಿ ಎಂದು ತೀರ್ಪಾದಂತಲ್ಲ. ಇದನ್ನು ಬಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ.

ಈಗ ಮಾಡಬೇಕಾದದ್ದು. ಸಮನ್ಸ್ ಬಂದ ದಿನಾಂಕಕ್ಕೆ ತಪ್ಪದೆ ಹಾಜರಾಗಿ, ತಪ್ಪಿಸಿಕೊಂಡರೆ ವಾರಂಟ್ ಬರುತ್ತದೆ. ಎರಡೂ ಜಾಮೀನು ಸಿಗುವ ಅಪರಾಧಗಳು. ಹಾಜರಾದ ಹದಿನಾಲ್ಕು ದಿನಗಳೊಳಗೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಅದರ ಜೊತೆಗೆ ಆದೇಶ ಹಾಳೆಯ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ಅಧಿಕಾರ ಪತ್ರ ಇದೆಯೇ, ಮ್ಯಾಜಿಸ್ಟ್ರೇಟರಿಗೆ ಬರೆದ ದೂರು ಇದೆಯೇ, ನಿಷೇಧಾಜ್ಞೆಯ ಪ್ರತಿ ಇದೆಯೇ ಎಂದು ಈ ಕಟ್ಟಿನಲ್ಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಎರಡು ದಾರಿಗಳಿವೆ. ನಿಮ್ಮದರಂಥ ಕಡಿಮೆ ಶಿಕ್ಷೆಯ ಸಮನ್ಸ್ ಪ್ರಕರಣದಲ್ಲಿ ಆರೋಪ ಆಧಾರರಹಿತ ಎಂದು ಕಂಡರೆ ಕಾರಣ ದಾಖಲಿಸಿ ಬಿಡುಗಡೆ ಮಾಡುವ ಅಧಿಕಾರವನ್ನು ಬಿಎನ್‌ಎಸ್‌ಎಸ್ ಕಲಂ 274 ಮ್ಯಾಜಿಸ್ಟ್ರೇಟರಿಗೆ ಹೊಸದಾಗಿ ಕೊಟ್ಟಿದೆ. ಅಲ್ಲಿಯೇ ಮೊದಲು ಕೇಳುವುದು ಕಡಿಮೆ ಖರ್ಚಿನದು. ಆಗದಿದ್ದರೆ ಪ್ರಕರಣ ರದ್ದು ಮಾಡಿ ಎಂದು ಕೋರಿ ಕಲಂ 528ರಡಿ ಹೈಕೋರ್ಟ್. ಉಡುಪಿ, ದಕ್ಷಿಣ ಕನ್ನಡ ಎರಡಕ್ಕೂ ಬೆಂಗಳೂರಿನ ಪ್ರಧಾನ ಪೀಠ. ಕಾಲಮಿತಿಯ ಕಾರಣದಿಂದ ಆಕ್ಷೇಪವನ್ನು ಯಾವ ಹಂತದಲ್ಲಿ ಎತ್ತಬೇಕೆಂದು ನಿಮ್ಮ ವಕೀಲರೊಂದಿಗೆ ಕೂತು ನಿರ್ಧರಿಸಿ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತೆರೆದಿದೆ.

ಕುವೈತ್ ವಿಷಯದಲ್ಲಿ: ಪ್ರಕರಣ ಬಾಕಿ ಇರುವಾಗ ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಬೇಕಿದ್ದರೆ ಅಥವಾ ನವೀಕರಿಸಬೇಕಿದ್ದರೆ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದಿಂದಲೇ ಅನುಮತಿ ಪಡೆಯಬಹುದು. ಇಂಥ ಸಣ್ಣ ಪ್ರಕರಣದಲ್ಲಿ ಅದು ಕೇಳಬಾರದ ಕೋರಿಕೆಯಲ್ಲ.

ಆಂಪ್ಲಿಫೈಯರ್, ಮಿಕ್ಸರ್‌ಗೆ ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ. ವಶಪಡಿಸಿದ ವಸ್ತುಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದೆಂದು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಎನ್‌ಎಸ್‌ಎಸ್ ಕಲಂ 497 ಫೋಟೊ ತೆಗೆದು ಪಟ್ಟಿ ಮಾಡಿ ವಸ್ತುಗಳನ್ನು ಬೇಗ ವಿಲೇವಾರಿ ಮಾಡುವ ಕ್ರಮವನ್ನೇ ಹಾಕಿಕೊಟ್ಟಿದೆ. ಮಧ್ಯಂತರ ವಶಕ್ಕೆ ಕೊಡಿ ಎಂದು ಮೊದಲ ಹಾಜರಿಯ ದಿನವೇ ಅರ್ಜಿ ಹಾಕಿಸಿ. ಖರೀದಿ ರಸೀದಿ ಇದ್ದರೆ ಲಗತ್ತಿಸಿ. ಇಲ್ಲದಿದ್ದರೆ ಉಪಕರಣದ ಸೀರಿಯಲ್ ನಂಬರ್, ವ್ಯಾಪಾರ ಪರವಾನಗಿಯ ಪ್ರತಿ ಮತ್ತು ನೀವೇ ಮಾಲೀಕರೆಂಬ ಅಫಿಡವಿಟ್ ಸಾಕಾಗಬಹುದು. ಕೇಳಿದಾಗ ಹಾಜರುಪಡಿಸುವ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಆಂಪ್ಲಿಫೈಯರ್ ಹಾಳಾಗುತ್ತದೆ ಎಂಬುದನ್ನೂ ಅರ್ಜಿಯಲ್ಲಿ ಬರೆಯಿಸಿ.